ಜೂನ್‌ನಲ್ಲಿ ನೆಟ್ಟ ಗಿಡಕ್ಕೆ ತಪಸ್ಸುಕಾಲದ ನೀರು

ವನಮಹೋತ್ಸವದ ಕುರಿತು ನಮ್ಮಲ್ಲಿ ಹಳೆಯದೊಂದು ಹಾಸ್ಯದ ಮಾತಿದೆ: ಪ್ರತಿ ವರ್ಷವೂ ಗಿಡ ಹೊಸದು, ಗುಂಡಿ ಮಾತ್ರ ಹಳೆಯದು. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ಈ ಆಚರಣೆಯನ್ನು ಶಾಲೆಗಳೂ ಕಚೇರಿಗಳೂ ಸಂಘಸಂಸ್ಥೆಗಳೂ ಇಂದಿಗೂ ನಡೆಸಿಕೊಂಡು ಬಂದಿವೆ. ನಾವೂ ಅದರಲ್ಲಿ ಹಿಂದೆ ಬಿದ್ದವರಲ್ಲ. ಮಳೆಗಾಲದ ಒಂದು ಭಾನುವಾರ, ಬಲಿಪೂಜೆ ಮುಗಿದ ಬಳಿಕ, ಮಕ್ಕಳನ್ನು ಮುಂದಿಟ್ಟುಕೊಂಡು ಸಸಿ ನೆಡುತ್ತೇವೆ, ಚಿತ್ರ ತೆಗೆಸಿಕೊಳ್ಳುತ್ತೇವೆ, ಉಪಾಹಾರ ಮುಗಿಸಿ ಸಂತೋಷದಿಂದ ಮನೆಗೆ ಮರಳುತ್ತೇವೆ. ಮುಂದಿನ ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಒಣಗಿದ ಕಡ್ಡಿಯೊಂದು ಅಲ್ಲಿ ನಿಂತಿರುತ್ತದೆ. ಅದನ್ನು ಕಂಡೂ ಕಾಣದವರಂತೆ ಮುಂದೆ ಸಾಗುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ.

ಈ ವಾರ ಆ ಒಣಗಿದ ಕಡ್ಡಿಯ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆನಿಸಿದೆ. ನಾಡಿನ ಗಿಡಮರಗಳನ್ನು ಮರಳಿ ಬೆಳೆಸುವ ಸೇವಾಕಾರ್ಯಕ್ಕೆ ಇಂದು ಉತ್ಸಾಹದ ಕೊರತೆಯಿಲ್ಲ. ಕೊರತೆಯಿರುವುದು ಗಿಡದ ಪರಿಚಯಕ್ಕೆ ಮತ್ತು ಬೇಸಗೆಯಲ್ಲಿ ಅದರ ಬಳಿ ನಿಲ್ಲುವ ತಾಳ್ಮೆಗೆ.

ವಿಮೆಯ ಹೆಸರಿನ ಬಡಾವಣೆ

ನಗರದ ಪೂರ್ವಭಾಗದ ಜೀವನ್ ಬಿಮಾ ನಗರವನ್ನೇ ನೋಡೋಣ. ಜೀವ ವಿಮಾ ನಿಗಮದ ವಸತಿಗೃಹಗಳಿಂದ ಹೆಸರು ಪಡೆದ ಬಡಾವಣೆಯಿದು. ಸುತ್ತಲೂ ಕೋಡಿಹಳ್ಳಿ, ತಿಪ್ಪಸಂದ್ರ, ಕಗ್ಗದಾಸಪುರದಂಥ ಹಳೆಯ ಊರುಗಳು. ಹೆಸರುಗಳೇ ಹೇಳುವಂತೆ ಅವು ಹಳ್ಳಿಗಳಾಗಿದ್ದವು, ಕೆರೆಯ ನೀರನ್ನು ನಂಬಿದ್ದವು. ವಿಮಾನ ಕಾರ್ಖಾನೆ, ಸರ್ಕಾರಿ ಉದ್ದಿಮೆ, ಬ್ಯಾಂಕುಗಳ ಕೆಲಸ ಹಿಡಿದು ಮಂಗಳೂರು, ಕೋಲಾರ ಗಣಿಪ್ರದೇಶ, ತಮಿಳುನಾಡು, ಕೇರಳಗಳಿಂದ ಬಂದ ಕುಟುಂಬಗಳು ಪೂರ್ವ ಬೆಂಗಳೂರಿನ ಈ ಭಾಗದಲ್ಲಿ ಬೇರೂರಿದವು. ನಮ್ಮ ಓದುಗರಲ್ಲಿ ಅನೇಕರು ಹೀಗೆ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು.

ವಿಮೆಯ ಹೆಸರಿನ ಊರಿನಲ್ಲಿ ಇರುವವರಿಗೆ ಒಂದು ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲ ಕಂತು ಕಟ್ಟಿ ಸುಮ್ಮನಾದರೆ ಪಾಲಿಸಿ ಉಳಿಯುವುದಿಲ್ಲ. ಸಸಿಯ ನ್ಯಾಯವೂ ಅದೇ. ನೆಡುವುದು ಮೊದಲ ಕಂತು ಮಾತ್ರ.

ಈ ನಗರದ ನೆರಳು ತಾನಾಗಿ ಬಂದದ್ದಲ್ಲ. 1982ರಿಂದ ಸುಮಾರು ಐದು ವರ್ಷಗಳಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಬಡಾವಣೆಗಳಲ್ಲೂ ಸುಮಾರು 15 ಲಕ್ಷ ಸಸಿಗಳು ನೆಲೆಗೊಂಡವು. 2021ರಲ್ಲಿ ಅವರು ತೀರಿಕೊಂಡಾಗ ಅವರ ಹೆಸರು ಕೇಳದವರೂ ಅವರು ನೆಡಿಸಿದ ಮರದಡಿಯಲ್ಲೇ ಬಸ್ಸಿಗೆ ಕಾಯುತ್ತಿದ್ದಿರಬಹುದು. ಆ ಮರಗಳಲ್ಲಿ ನಾಡಿನವೂ ಇದ್ದವು, ಹೊರನಾಡಿನವೂ ಇದ್ದವು.

ಯಾವುದು ನಮ್ಮ ಗಿಡ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಾಡಿನ ಗಿಡವೆಂದರೆ ಯಾವುದು? ಬೇಸಗೆಯಲ್ಲಿ ಕೆಂಪಾಗಿ ಉರಿಯುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ನೇರಳೆ ಬಣ್ಣದ ಜಕರಂದ ದಕ್ಷಿಣ ಅಮೆರಿಕದ್ದು. ಗುಲಾಬಿ ಹೂವಿನ ಟಬೂಬಿಯವೂ ಛತ್ರಿಯಂತೆ ಹರಡುವ ಮಳೆಮರವೂ ಅಮೆರಿಕ ಖಂಡದ ಬಿಸಿಲುನಾಡಿನಿಂದ ಬಂದವು. ಇವನ್ನೆಲ್ಲ ಕಡಿದುಹಾಕಬೇಕೆಂದು ವಿವೇಕಿಗಳಾರೂ ಹೇಳಲಾರರು. ಮಳೆಮರದ ನೆರಳನ್ನು ಉಂಡು ಅದನ್ನು ಪರದೇಶಿಯೆಂದು ಜರೆಯುವುದು ಕೃತಘ್ನತೆಯಾದೀತು. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯ ಮೂಲವೂ ಆಫ್ರಿಕವೇ. ಶತಮಾನಗಳ ಹಿಂದೆ ಬಂದ ಅದನ್ನು ನಾವು ಮನೆಯವರಲ್ಲೊಬ್ಬರಂತೆ ಕಾಣುತ್ತೇವೆ. ಹೊರಗಿನಿಂದ ಬಂದು ಇಲ್ಲಿ ಬೇರೂರಿದ ಕುಟುಂಬಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಾಗಾದರೆ ನಾಡಿನ ಗಿಡಕ್ಕೇ ಏಕೆ ಒತ್ತು? ಅದು ಒಂಟಿಯಾಗಿ ಬೆಳೆಯುವುದಿಲ್ಲ, ತನ್ನ ಬಳಗದೊಡನೆ ಬೆಳೆಯುತ್ತದೆ ಎಂಬುದೇ ಕಾರಣ. ಅತ್ತಿಯ ಹೂವು ಕಾಯಿಯ ಒಳಗೇ ಅರಳುತ್ತದೆ; ಅದರ ಪರಾಗವನ್ನು ಸಾಗಿಸಲು ಅದಕ್ಕೇ ಮೀಸಲಾದ ಪುಟ್ಟ ಕಣಜವಿದೆ. ಹಣ್ಣಾದಾಗ ಹಗಲು ಹಕ್ಕಿಗಳೂ ಇರುಳು ಬಾವಲಿಗಳೂ ಅಲ್ಲಿ ನೆರೆಯುತ್ತವೆ. ಕರಿಬೇವಿನ ಚಿಗುರನ್ನು ಒಂದು ಕಪ್ಪು ಚಿಟ್ಟೆಯ ಮರಿಹುಳು ತಿಂದು ಬೆಳೆಯುತ್ತದೆ. ಎಕ್ಕದ ಎಲೆಯನ್ನು ನಂಬಿದ ಕಿತ್ತಳೆ ಬಣ್ಣದ ಚಿಟ್ಟೆಯೇ ಬೇರೆ, ಕಕ್ಕೆಯ ಎಲೆಯನ್ನು ನಂಬಿದ ಹಳದಿ ಚಿಟ್ಟೆಯೇ ಬೇರೆ. ಹೊಂಗೆಯ ಹೂವು ಬೇಸಗೆಯಲ್ಲಿ ಜೇನಿಗೆ ಆಹಾರವಾಗುತ್ತದೆ. ಅದರ ನೆರಳು ದಾರಿಹೋಕರಿಗೆ ತಂಪನ್ನೀಯುತ್ತದೆ. ಒಂದು ಗಿಡ ಹೋದರೆ ಅದರ ಬಳಗವೂ ಹೋಗುತ್ತದೆ.

ಹೊರಗಿನಿಂದ ಬಂದದ್ದು ಬೇಲಿ ಹಾರಿ ನಾಡನ್ನೇ ಆಕ್ರಮಿಸಿದಾಗ ಮಾತ್ರ ನಾವು ಎಚ್ಚರಗೊಳ್ಳಬೇಕು. ಹೂವಿನ ಚೆಲುವಿಗೆಂದು ತರಿಸಿದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನೆಲ್ಲ ಆವರಿಸಿ ಹುಲ್ಲನ್ನೂ ಸಸಿಗಳನ್ನೂ ಮೇಲೇಳದಂತೆ ಮಾಡಿದೆ. ಖಾಲಿ ನಿವೇಶನಗಳಲ್ಲಿ ಸೊಂಪಾಗಿ ಬೆಳೆಯುವ ಕಾಂಗ್ರೆಸ್ ಗಿಡ ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಇವನ್ನು ಹೂ ಬಿಡುವ ಮುನ್ನ ಬೇರುಸಹಿತ ಕೀಳುವುದೂ ಸಸಿ ನೆಟ್ಟಷ್ಟೇ ಒಳ್ಳೆಯ ಸೇವೆ. ಕೀಳುವವರು ಕೈಚೀಲ ತೊಟ್ಟಿರಬೇಕು.

ಇನ್ನೊಂದು ಎಚ್ಚರವೂ ಬೇಕು. ಎಲ್ಲ ಬಯಲೂ ಮರಕ್ಕಾಗಿ ಕಾದು ಕುಳಿತಿಲ್ಲ. ಬೆಂಗಳೂರಿನ ಸುತ್ತಲ ನೆಲ ಮಲೆನಾಡಿನ ದಟ್ಟ ಕಾಡಲ್ಲ. ಕುರುಚಲು, ಮುಳ್ಳುಪೊದೆ, ಹುಲ್ಲುಗಾವಲು ಇದರ ಸಹಜ ಉಡುಗೆ. ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ಮರ ನೆಡುವುದೆಂದರೆ ಹುಲ್ಲನ್ನೇ ನಂಬಿದ ಹಕ್ಕಿಗಳನ್ನು ಮನೆಯಿಂದ ಹೊರಗೆ ಹಾಕಿದಂತೆ. ತುಂಬೆ, ತಂಗಡಿ, ಉತ್ತರಾಣಿಗಳನ್ನು ಕಳೆಯೆಂದು ಕೆರೆದು ಹಾಕಿ ಆ ಜಾಗದಲ್ಲಿ ಮರದ ಸಸಿ ನೆಟ್ಟು ಪುಣ್ಯ ಬಂತೆನ್ನುವುದೂ ಸರಿಯಲ್ಲ.

ಹೆಸರು ಬಲ್ಲ ಗುರುಗಳು

ಗಿಡವನ್ನು ಉಳಿಸಬೇಕಾದರೆ ಮೊದಲು ಅದರ ಹೆಸರನ್ನು ಬಲ್ಲವರಾಗಬೇಕು. ಈ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮದೇ ನಗರದ ಸಂತ ಜೋಸೆಫರ ಕಾಲೇಜಿನಲ್ಲಿ ಯೇಸುಸಭೆಯ ಗುರು ಸೆಸಿಲ್ ಜೆ. ಸಲ್ದಾನ ಅವರು ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದರು. ಶಿಷ್ಯರೊಡನೆ, ಸಹೋದ್ಯೋಗಿಗಳೊಡನೆ ಹಾಸನ ಜಿಲ್ಲೆಯ ಬಯಲು, ಕಾಡು, ಘಟ್ಟಗಳನ್ನು ಸುತ್ತಿ, ಕಂಡ ಗಿಡಗಳನ್ನು ಹೂವುಕಾಯಿಸಹಿತ ಸಂಗ್ರಹಿಸಿ, ಕಾಗದಗಳ ನಡುವೆ ಒತ್ತಿ ಒಣಗಿಸಿ, ಊರು ದಿನಾಂಕಗಳನ್ನು ಬರೆದಿಟ್ಟರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರ ಜೊತೆಗೂಡಿ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂತು. ಅನಂತರ ಇಡೀ ಕರ್ನಾಟಕದ ಸಸ್ಯಗಳ ಗ್ರಂಥವನ್ನು ಕೈಗೆತ್ತಿಕೊಂಡರು. ಅದರ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಪ್ರಕಟವಾಯಿತು. 2002ರಲ್ಲಿ ಅವರು ಕಾಲವಾದರು. ಅವರ ಬಳಗ ಕಲೆಹಾಕಿದ ಒಣಸಸ್ಯ ಸಂಗ್ರಹವು ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, ನಾಡಿನ ಗಿಡಗಳನ್ನು ಗುರುತಿಸುವವರಿಗೆ ಆಧಾರವಾಗಿದೆ.

ಒಂದು ಸೀಮೆಯಲ್ಲಿ ಯಾವ ಗಿಡವಿತ್ತು, ಎಲ್ಲಿತ್ತು, ಯಾವ ತಿಂಗಳಲ್ಲಿ ಹೂ ಬಿಟ್ಟಿತ್ತು ಎಂಬುದು ಬರೆದಿಟ್ಟಿದ್ದರೆ ತಾನೇ ಕಳೆದುಕೊಂಡದ್ದನ್ನು ಮರಳಿ ತರಲು ಸಾಧ್ಯ? ನಮ್ಮ ಮಕ್ಕಳು ಹತ್ತಾರು ಮೋಟಾರು ಗಾಡಿಗಳನ್ನು ದೂರದಿಂದಲೇ ಗುರುತಿಸಬಲ್ಲರು. ಮನೆಯ ಮುಂದಿನ ಮರ ಹೊಂಗೆಯೋ ಬಾಗೆಯೋ ಎಂದು ಕೇಳಿದರೆ ತಡವರಿಸುತ್ತಾರೆ. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು.

ಕಾದವರು, ಗೆದ್ದವರು

ಹೆಸರು ಬಲ್ಲವರಾದ ಮೇಲೆ ಬೇಕಾದುದು ಕಾಯುವ ಗುಣ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನನ್ನು ಅರಿಯದ ಕನ್ನಡಿಗರಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯೂ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಬೆಳೆಸಿದ ಆಲದ ಮರಗಳು 385 ಎಂಬುದು ಪ್ರಸಿದ್ಧ. ಅವರು ಎಷ್ಟು ನೆಟ್ಟರೆಂಬುದಕ್ಕಿಂತ ಹೇಗೆ ಉಳಿಸಿದರೆಂಬುದನ್ನು ನಾವು ಗಮನಿಸಬೇಕು. ಮಳೆಗಾಲ ನೋಡಿ ನೆಟ್ಟರು. ದನಕರು ಮೇಯದಂತೆ ಮುಳ್ಳು ಕಟ್ಟಿದರು. ಮಳೆ ನಿಂತ ಮೇಲೆ ಕೊಡ ಹೊತ್ತು ನಡೆದು ನೀರೆರೆದರು. 2019ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ನವೆಂಬರ್ 14ರಂದು ತೀರಿಕೊಂಡರು. ಅಂಕೋಲದ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಗೆ ದುಡಿಯುತ್ತಲೇ ಯಾವ ತಾಯಿಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ಆರಿಸಬೇಕು ಎಂಬ ವಿದ್ಯೆಯಲ್ಲಿ ಪಂಡಿತರನ್ನೂ ಬೆರಗುಗೊಳಿಸಿದ್ದರು. ಅವರು 2024ರ ಡಿಸೆಂಬರ್‌ನಲ್ಲಿ ಅಗಲಿದರು.

ಇವರು ಹಳ್ಳಿಯವರು, ನಗರದಲ್ಲಿ ಇದು ಸಾಧ್ಯವೇ ಎನ್ನುವವರಿಗೂ ಉತ್ತರವಿದೆ. ಜೆ.ಪಿ. ನಗರದ 7ನೇ ಹಂತದಲ್ಲಿರುವ ಪುಟ್ಟೇನಹಳ್ಳಿ ಕೆರೆ ಒಣಗಿ ಹಾಳಾಗುತ್ತಿದ್ದಾಗ ಸುತ್ತಲಿನ ನಿವಾಸಿಗಳು ಕಟ್ಟಿದ ಟ್ರಸ್ಟ್ 2011ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಗೆ ಹೆಗಲು ಕೊಟ್ಟಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯೂ ಹೀಗೆ ಪಾಲಿಕೆ ಮತ್ತು ನೆರೆಹೊರೆಯವರ ಜಂಟಿ ದುಡಿಮೆಯಿಂದ ಚೇತರಿಸಿಕೊಂಡು, ದಡದಲ್ಲಿ ನಾಡಿನ ಮರಗಳನ್ನು ಪಡೆಯಿತು. ಉದ್ಘಾಟನೆಯ ಮರುದಿನವೂ ಬಂದರು, ಅದರ ಮರುವರ್ಷವೂ ಬಂದರು ಎಂಬುದೇ ಈ ನೆರೆಹೊರೆಯವರ ಹೆಚ್ಚುಗಾರಿಕೆ.

ಅರವತ್ತು ಬಕೆಟ್ ನೀರು

ಈಗ ನಮ್ಮ ಬೀದಿಯ ಲೆಕ್ಕಕ್ಕೆ ಬರೋಣ. ಬೆಂಗಳೂರಿಗೆ ವರ್ಷದಲ್ಲಿ ಒಂದು ಮೀಟರಿಗೆ ತುಸು ಕಡಿಮೆ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಸುರಿದು, ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ಬಹುತೇಕ ಬರಿದಾಗಿರುತ್ತದೆ. ಜೂನ್‌ನಲ್ಲಿ ನೆಟ್ಟ ಸಸಿಯನ್ನು ಮಳೆಯೇ ಸಾಕುತ್ತದೆ. ಅದರ ನಿಜವಾದ ಪರೀಕ್ಷೆ ಜನವರಿಯಿಂದ ಮೇ ತಿಂಗಳವರೆಗೆ, ಅಂದರೆ ಸುಮಾರು 20 ವಾರ. ವಾರಕ್ಕೊಂದು ಬಕೆಟ್ ಎಂದು ಹಿಡಿದರೆ ಒಂದು ಬೇಸಗೆಗೆ 20 ಬಕೆಟ್. ಮೂರು ಬೇಸಗೆ ದಾಟಿದರೆ ನಾಡಿನ ಮರ ಬಹುಮಟ್ಟಿಗೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಹಾಗಾದರೆ ಒಂದು ಮರದ ಬೆಲೆ 60 ಬಕೆಟ್ ನೀರು. ಇಷ್ಟು ಕೊಡಲು ಸಿದ್ಧರಿಲ್ಲದಿದ್ದರೆ ಸಸಿಯನ್ನು ಸಸ್ಯಕ್ಷೇತ್ರದಲ್ಲೇ ಬಿಟ್ಟುಬರುವುದು ಲೇಸು.

ಆ ನೀರಾದರೂ ಎಲ್ಲಿಂದ ಬರಬೇಕು? 2024ರ ಬೇಸಗೆಯನ್ನು ಪೂರ್ವ ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿದವು, ಟ್ಯಾಂಕರಿಗಾಗಿ ಕಾಯಬೇಕಾಯಿತು. ಆ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಹೊರಡಿಸಿ 5,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ಆದ್ದರಿಂದ ಸಸಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರೇ ಸಾಕು. ಬುಡದಲ್ಲಿ ಪಾತಿ ಮಾಡಿ ತರಗೆಲೆಯನ್ನು ದಪ್ಪವಾಗಿ ಹೊದಿಸಿದರೆ ತೇವ ಬೇಗ ಆರದು. ಆ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುವ ಕೆಟ್ಟ ಅಭ್ಯಾಸವನ್ನೂ ಇದೇ ನೆಪದಲ್ಲಿ ಬಿಡಬಹುದು. ಸಣ್ಣ ತೂತಿರುವ ಮಣ್ಣಿನ ಮಡಕೆಯನ್ನು ಬುಡದ ಬಳಿ ಹೂತು ನೀರು ತುಂಬಿಸಿಟ್ಟರೆ ಅದು ಮೆಲ್ಲಮೆಲ್ಲನೆ ಬೇರಿಗೆ ಇಳಿಯುತ್ತದೆ.

ಸ್ಥಳವರಿತು ಗಿಡವನ್ನು ಆರಿಸುವುದೂ ಮುಖ್ಯ. ವಿದ್ಯುತ್ ತಂತಿಯ ಕೆಳಗಿನ ಕಿರಿದಾದ ಕಾಲುದಾರಿಯಲ್ಲಿ ಆಲ ಅರಳಿಗಳನ್ನು ನೆಟ್ಟರೆ ಅವುಗಳ ತಲೆ ಕಡಿಯುವ ದಿನವನ್ನು ನಾವೇ ಗೊತ್ತುಮಾಡಿದಂತೆ. ಅಲ್ಲಿಗೆ ಕಕ್ಕೆ, ಪಾರಿಜಾತ, ಬಿಲ್ವ, ನೆಲ್ಲಿಗಳು ಒಪ್ಪುತ್ತವೆ. ಜಾಗ ವಿಶಾಲವಾಗಿದ್ದರೆ ಹೊಂಗೆ, ನೇರಳೆ, ಬಾಗೆ. ಕೆರೆಯಂಗಳಕ್ಕೂ ದೊಡ್ಡ ಮೈದಾನಕ್ಕೂ ಅತ್ತಿ, ಆಲ, ಇಪ್ಪೆ. ಪಾಲಿಕೆಯ ಸ್ಥಳವಾದರೆ ಮೊದಲೇ ಅನುಮತಿ ಪಡೆಯಬೇಕು. ಮನೆಯ ಮುಂದೆ ಗಿಡ ಬೇಡವೆನ್ನುವವರ ಮಾತನ್ನೂ ಆಲಿಸಬೇಕು. ಎಲೆ ಗುಡಿಸುವ ಶ್ರಮ, ಚರಂಡಿಗೆ ನುಗ್ಗುವ ಬೇರು, ವಾಹನ ನಿಲ್ಲಿಸಲು ಜಾಗದ ಕೊರತೆ, ಇವು ಸುಳ್ಳು ನೆವಗಳಲ್ಲ. ಒಪ್ಪದ ಬಾಗಿಲಲ್ಲಿ ನೆಟ್ಟ ಸಸಿಗೆ ಬಹಳ ದಿನ ಆಯುಸ್ಸಿಲ್ಲ.

ಮಕ್ಕಳಿಗೆ ಬೀಜದ ಕೆಲಸವನ್ನು ಒಪ್ಪಿಸಬಹುದು. ಜೂನ್, ಜುಲೈ ತಿಂಗಳಲ್ಲಿ ನೇರಳೆಹಣ್ಣು ತಿಂದು ಬೀಜವನ್ನು ಉಗುಳಿದೊಡನೆ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯದು. ಹೊಂಗೆಯ ಬೀಜವನ್ನು ಸಿಪ್ಪೆ ಬಿಡಿಸಿ ಒಂದು ರಾತ್ರಿ ನೆನೆಸಿದರೆ ಸಾಕು. ಕಕ್ಕೆಯದು ಗಟ್ಟಿ ಬೀಜ. ಕಲ್ಲಿನ ಮೇಲೆ ಉಜ್ಜಿ ನೆನೆಸದಿದ್ದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಹಾಲಿನ ಹಳೆಯ ಪೊಟ್ಟಣಕ್ಕೆ ತಳದಲ್ಲಿ ತೂತು ಮಾಡಿ ಮಣ್ಣು ಗೊಬ್ಬರ ತುಂಬಿದರೆ ಮಹಡಿಯ ಮೂಲೆಯೇ ಸಸ್ಯಕ್ಷೇತ್ರವಾಗುತ್ತದೆ. ತಾನು ತಿಂದ ಹಣ್ಣಿನ ಬೀಜ ಎರಡೆಲೆ ತೆರೆದದ್ದನ್ನು ಕಂಡ ಮಗು ಆ ಗಿಡವನ್ನು ಸುಲಭವಾಗಿ ಸಾಯಗೊಡದು.

ನಮ್ಮ ಅಂಗಳದಲ್ಲೇ ಮೊದಲು

ಬೀದಿಗಿಳಿಯುವ ಮೊದಲು ನಮ್ಮ ದೇವಾಲಯಗಳ ಅಂಗಳವನ್ನೊಮ್ಮೆ ನೋಡಿಕೊಳ್ಳಬೇಡವೇ? ಭಾನುವಾರದ ವಾಹನಗಳಿಗೆಂದು ಬುಡದವರೆಗೂ ಸಿಮೆಂಟ್ ಕಲ್ಲು ಹಾಸಿದ ಅಂಗಳಗಳು ಎಷ್ಟಿಲ್ಲ? ಇರುವ ಹಸಿರಿನಲ್ಲೂ ಹುಲ್ಲುಹಾಸು, ಕ್ರೋಟನ್, ನಾವು ಕ್ರಿಸ್ಮಸ್ ಮರವೆಂದು ಕರೆಯುವ ಅರೋಕೇರಿಯ, ಇಷ್ಟೇ. ಅಸ್ಸಿಸಿಯ ಸಂತ ಫ್ರಾನ್ಸಿಸರ ಚರಿತ್ರೆ ಬರೆದ ಚೆಲಾನೊದ ಥಾಮಸರು ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಮಠದ ತೋಟವನ್ನೆಲ್ಲ ತರಕಾರಿಗೆಂದೇ ಅಗೆಯಬೇಡಿ, ಒಂದು ಭಾಗವನ್ನು ಕಾಡುಹೂಗಳಿಗೂ ಹಸಿರುಮೂಲಿಕೆಗಳಿಗೂ ಬಿಡಿರೆಂದು ಸಂತರು ತೋಟಗಾರನಿಗೆ ಹೇಳಿದರಂತೆ. ಮರ ಕಡಿಯುವವನಿಗೆ, ಅದು ಮತ್ತೆ ಚಿಗುರುವಂತೆ ಬುಡವನ್ನು ಉಳಿಸೆಂದರಂತೆ. ಜಗದ್ಗುರು ಎರಡನೇ ಜಾನ್ ಪಾಲ್ 1979ರಲ್ಲಿ ಫ್ರಾನ್ಸಿಸರನ್ನು ಪರಿಸರ ಕಾಯುವವರ ಪಾಲಕ ಸಂತರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರ ಲೌದಾತೊ ಸಿಯಲ್ಲಿ ಆ ತೋಟದ ಮೂಲೆಯನ್ನು ನೆನಪಿಸಿದರು. ಅಂಥದೊಂದು ಮೂಲೆ ನಮ್ಮ ಪ್ರತಿ ಅಂಗಳದಲ್ಲೂ, ಪ್ರತಿ ಸಮಾಧಿಭೂಮಿಯಲ್ಲೂ ಇರಬಾರದೇ? ತುಂಬೆ, ತಂಗಡಿ, ಶಂಖಪುಷ್ಪಗಳಿಗೆ ಹತ್ತಡಿ ನೆಲ ಸಾಕು.

ಕರಾವಳಿಯಿಂದ ಬಂದ ಹಿರಿಯರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ನೆನಪಿರುತ್ತದೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬೇಲಿಯಲ್ಲೂ ಗುಡ್ಡದಲ್ಲೂ ಹೂ ಕೊಯ್ದು ತಂದು ಬಾಲೆ ಮರಿಯಮ್ಮನವರಿಗೆ ಅರ್ಪಿಸುತ್ತಿದ್ದರು. ಅದೇ ದಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಸೇರುವ ಜನಸಾಗರವನ್ನು ಬೆಂಗಳೂರಿಗರೆಲ್ಲ ಬಲ್ಲರು. ಅಂದು ಹೂ ಕೊಯ್ದ ಮಕ್ಕಳಿಗೆ ಅವುಗಳ ಹೆಸರೂ ತಿಳಿದಿತ್ತು. ಇಂದು ಆ ಹೂವನ್ನು ಅಂಗಡಿಯಿಂದ ತರುತ್ತೇವೆ. ಮನೆಯ ಅಜ್ಜಿಯರಲ್ಲಿ ಆ ಹೆಸರುಗಳು ಇನ್ನೂ ಉಳಿದಿರುವಾಗಲೇ ಬರೆದುಕೊಳ್ಳಬೇಕು.

ಕೊನೆಯದಾಗಿ ಒಂದು ಸಲಹೆ. ಸಸಿ ನೆಡುವ ಪ್ರತಿ ತಂಡವೂ ಒಂದು ನೋಟುಪುಸ್ತಕವನ್ನಿಡಲಿ. ಗಿಡದ ಹೆಸರು, ನೆಟ್ಟ ದಿನ, ನೀರೆರೆಯುವ ಮನೆ, ಇವನ್ನು ಬರೆಯಲಿ. ಸತ್ತ ಗಿಡದ ಲೆಕ್ಕವನ್ನೂ ಮರೆಮಾಚದೆ ಬರೆಯಲಿ. ಮುಂದೆ ಸಭೆಗಳಲ್ಲಿ ವರದಿ ಓದುವಾಗ ಈ ವರ್ಷ ಎಷ್ಟು ನೆಟ್ಟೆವೆಂದು ಹೇಳದೆ, ಮೂರು ವರ್ಷದ ಹಿಂದೆ ನೆಟ್ಟವುಗಳಲ್ಲಿ ಎಷ್ಟು ಬದುಕಿವೆಯೆಂದು ಹೇಳೋಣ. ಸಂಖ್ಯೆ ಚಿಕ್ಕದಾದೀತು. ಆದರೆ ಅದು ಸತ್ಯವಾದ ಸಂಖ್ಯೆ.

ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿರಿಸಿದಾಗ ಎರಡು ಕೆಲಸ ಒಪ್ಪಿಸಿದರು: ದುಡಿಯುವುದು ಮತ್ತು ಕಾಯುವುದು. ಮೊದಲನೆಯದನ್ನು ನಾವು ಮಳೆಗಾಲದಲ್ಲಿ ಹಬ್ಬದಂತೆ ಮಾಡುತ್ತೇವೆ. ಎರಡನೆಯದಕ್ಕೆ ಕಾಲ ಒದಗುವುದು ಬೇಸಗೆಯಲ್ಲಿ. ನಮ್ಮ ತಪಸ್ಸುಕಾಲ ಬರುವುದೂ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಆ ಒಣ ತಿಂಗಳುಗಳಲ್ಲೇ. ಉಪವಾಸ, ದಾನಗಳ ಜೊತೆಗೆ ವಾರಕ್ಕೊಂದು ಬಕೆಟ್ ನೀರನ್ನೂ ಸೇರಿಸಿಕೊಂಡರೆ ಅದು ನಮ್ಮ ಬೀದಿಗೆಲ್ಲ ಸಲ್ಲುವ ತಪಸ್ಸಾಗದೇ? ಲೂಕನ ಶುಭಸಂದೇಶದ ಸಾಮತಿಯಲ್ಲಿ ಮೂರು ವರ್ಷ ಹಣ್ಣು ಕೊಡದ ಅಂಜೂರದ ಮರವನ್ನು ಕಡಿಯಹೊರಟ ಯಜಮಾನನಿಗೆ ತೋಟಗಾರ, ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಂಡನಲ್ಲವೇ? ಜೀವನ್ ಬಿಮಾ ನಗರದ ಬೀದಿಯಂಚಿನಲ್ಲಿ ಬಾಡುತ್ತಿರುವ ಸಸಿಯ ಪರವಾಗಿಯೂ ಯಾರಾದರೂ ಒಬ್ಬರು ಹಾಗೆ ಬೇಡಿಕೊಳ್ಳಬೇಕಾಗಿದೆ. ಕೈಯಲ್ಲಿ ಬಕೆಟ್ ಹಿಡಿದು ಬೇಡಿಕೊಂಡರೆ ಇನ್ನೂ ಒಳ್ಳೆಯದು.